ಎಚ್ಚರವಾದ ಕೂಡಲೇ ಬೆರಳು ಆಡಿಸಿ

ಮೊಣಕೈ ಆಪರೇಷನ್ ಮುಗಿದು ಅಮಲು ಇಳಿಯುವಾಗ ಮೊದಲು ಕೇಳಿಸಿದ್ದು ಡಾಕ್ಟರ ದನಿ. "ಮಣಿಕಟ್ಟು ಮೇಲೆತ್ತಿ. ಬೆರಳು ಅಗಲಿಸಿ. ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿ ನೋಡುವ." ನೋವುಂಟಾ ಅಂತ ಕೇಳಿದ್ದು ಆಮೇಲೆ.

ನನ್ನ ಬಲ ಮೊಣಕೈಯ ಗಂಟಿನೊಳಗೆ ಮೂಳೆಯ ಎರಡು ಚೂರು ಓಡಾಡುತ್ತಿದ್ದವು. ಹವ್ಯಾಸಿ ಯಕ್ಷಗಾನ ತಂಡದಲ್ಲಿ ನಾನು ಮದ್ದಳೆ ಬಾರಿಸುವವನು. ನಡುವೆಯೇ ಕೈ ಸಿಕ್ಕಿಕೊಳ್ಳುತ್ತಿತ್ತು. ಗಂಜಿ ಉಣ್ಣಲೂ ಕೈ ಬಾಯಿಗೆ ಬಾರದ ದಿನ, ಕಾಪುವಿನಿಂದ ಎಕ್ಸ್‌ಪ್ರೆಸ್ ಬಸ್ ಹತ್ತಿ ಮಂಗಳೂರಿಗೆ ಹೋದೆ.

"ಮೊಣಕಾಲಿಗೆ ಮಾಡುವ ಹಾಗೆ ತೂತು ಹಾಕಿ ತೆಗೆಯುವುದು ಅಲ್ವಾ?" ಅಂದೆ. ಡಾಕ್ಟರು ಪೆನ್ನು ತೆಗೆದು ನನ್ನ ಕೈ ಮೇಲೆಯೇ ಗೆರೆ ಎಳೆದರು. ಒಳಬದಿಯ ಮೂಳೆಯ ಹಿಂದೆ ಅಲ್ನರ್ ನರ. ಬಾಗಿಲಿಗೆ ತಾಗಿದರೆ ಶಾಕ್ ಹೊಡೆಯುವುದು ಅದಕ್ಕೇ. ಮುಂದೆ ಮೀಡಿಯನ್, ಹೊರಬದಿಗೆ ರೇಡಿಯಲ್. ಗಂಟು ಚಿಕ್ಕದು, ತೂತು ಹಾಕುವ ಜಾಗದಿಂದ ನರಕ್ಕೆ ಕೆಲವೇ ಮಿಲಿಮೀಟರ್. 1931ರಲ್ಲಿ ಬರ್ಮನ್ ಎಂಬ ಅಮೆರಿಕದ ವೈದ್ಯ ಮೊಣಕೈ ಈ ಕೆಲಸಕ್ಕೆ ಆಗುವುದಿಲ್ಲ ಅಂತಲೇ ಬರೆದಿದ್ದನಂತೆ. ಮರುವರ್ಷ ಮಾತು ಬದಲಿಸಿದ. ಈಗ ಸಲೈನ್ ತುಂಬಿಸಿ ಗಂಟು ಉಬ್ಬಿಸುತ್ತಾರೆ, ಕೈ ಮಡಚಿ ಇಡುತ್ತಾರೆ. ಆಗ ಮುಂದಿನ ನರಗಳು ಮೂಳೆಯಿಂದ ಸ್ವಲ್ಪ ಸರಿಯುತ್ತವೆ. ಆದರೂ ಅಪಾಯ ಇಲ್ಲವೇ ಇಲ್ಲ ಅಂತ ಅವರು ಹೇಳಲಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನವರು 2001ರಲ್ಲಿ ಕೊಟ್ಟ ಲೆಕ್ಕದಲ್ಲಿ 473 ಆಪರೇಷನ್‌ಗೆ 12 ಸಲ ನರ ಸೋತಿತ್ತು. ಎಲ್ಲವೂ ತಾತ್ಕಾಲಿಕ.

"ಮದ್ದಳೆ ಬಿಟ್ಟರಾಯ್ತು ಮಾರಾಯ್ರೆ" ಅಂದಳು ಹೆಂಡತಿ. ನನಗೋ, ಸಹಿ ಹಾಕಿದ ಕಾಗದಕ್ಕಿಂತ ಆ ಪೆನ್ನಿನ ಗೆರೆಗಳಿಂದಲೇ ಜಾಸ್ತಿ ಅರ್ಥವಾಗಿತ್ತು.

"ಕೈ ಮಾತ್ರ ಮರಗಟ್ಟಿಸಿದರೆ ಸಾಲದಾ?" ಅಂತಲೂ ಕೇಳಿದ್ದೆ. ಬೇಡ ಅಂದರು. ಕೈ ಗಂಟೆಗಟ್ಟಲೆ ಸತ್ತು ಬಿದ್ದಿದ್ದರೆ, ಅದು ಮದ್ದಿನಿಂದಲೋ ನರಕ್ಕೆ ಪೆಟ್ಟಾಗಿಯೋ ಗೊತ್ತಾಗುವುದು ಹೇಗೆ? ಅದಕ್ಕೇ ಪೂರ್ತಿ ಮಲಗಿಸಿ, ಎಚ್ಚರವಾದ ಕೂಡಲೇ ಈ ಪರೀಕ್ಷೆ.

ಮಣಿಕಟ್ಟು ಎದ್ದಿತು. ಉಂಗುರ ಬಂತು. ಬೆರಳುಗಳು ಅಗಲವಾದವು. ಆದರೆ ಕಿರುಬೆರಳು ಮುಟ್ಟಿದರೆ ಬೇರೆ ಯಾರದ್ದೋ ಬೆರಳಿನ ಹಾಗೆ. ಡಾಕ್ಟರು ಮತ್ತೆ ಮತ್ತೆ ಚುಚ್ಚಿ ನೋಡಿದರು. "ಬಲ ಉಂಟು, ಕಾಯುವ" ಅಂದರು.

ಮೂರು ವಾರ ಕಾದೆವು. ರಾತ್ರಿ ಮಲಗುವ ಮುಂಚೆ ಹೆಂಡತಿ ಚಿವುಟುತ್ತಿದ್ದಳು, ನಾನು "ಇಲ್ಲ" ಅನ್ನುತ್ತಿದ್ದೆ. ಆಮೇಲೆ ಇರುವೆ ಹರಿದ ಹಾಗೆ ಆಗತೊಡಗಿತು. ಒಂದು ಬೆಳಿಗ್ಗೆ ಬಿಸಿ ಗಂಜಿಯ ಬಟ್ಟಲು ಎತ್ತಿದವನು "ಅಯ್ಯೋ, ಸುಟ್ಟಿತು!" ಅಂತ ಬೊಬ್ಬೆ ಹೊಡೆದೆ.

ಅಡುಗೆಮನೆಯಿಂದ ಓಡಿ ಬಂದವಳು ಕೇಳಿದಳು, "ಯಾವ ಬೆರಳು? ಇನ್ನೊಮ್ಮೆ ಮುಟ್ಟಿ ನೋಡುವ."