ಎಫ್‌ಎಲ್‌ಪಿ ಬಾಕ್ಸಿಗೆ ಒಂದು ಬೋಲ್ಟೂ ಕಡಿಮಿ ಆಗಬಾರ್ದು

ಬೀದರ್ ಕೊಳಾರ, ಹುಮನಾಬಾದ್, ಯಾದಗಿರಿ ಕಡೇಚೂರು, ಈ ಕಡಿ ಕೆಮಿಕಲ್ ಮತ್ತ ಔಷಧ ಫ್ಯಾಕ್ಟರಿ ಒಳಗ ಎಲೆಕ್ಟ್ರಿಕಲ್ ಮೆಂಟೆನನ್ಸ್ ಮಾಡೋ ನಮ್ಮ ಹುಡುಗ್ರಿಗಂತ ಇದು ಬರೀಲಾಕತ್ತೀನಿ. ಸಾಲ್ವೆಂಟ್, ಅಂದ್ರ ಆವಿ ಎದ್ದು ಬೆಂಕಿ ಹತ್ತೋ ದ್ರವ ಇರೋ ಜಾಗದಾಗ ಮಾಮೂಲಿ ಸ್ವಿಚ್ ನಡ್ಯಂಗಿಲ್ಲ ಅಂತ ಎಲ್ಲಾರ್ಗೂ ಗೊತ್ತದ, ಅದಕ್ಕ ರೊಕ್ಕ ಹಾಕಿ ಎಫ್‌ಎಲ್‌ಪಿ, ಅಂದ್ರ ಫ್ಲೇಮ್‌ಪ್ರೂಫ್ ಬಾಕ್ಸ್ ತರ್ತಾರ, ಆಮ್ಯಾಲ ಅದನ್ನ ಮಾಮೂಲಿ ಬಾಕ್ಸಿನಂಗೇ ನಡಿಸ್ತಾರ.

ಭಾಳ ಮಂದಿ ಅಂದ್ಕೊಂಡಿರೋದು ಆ ಬಾಕ್ಸ್ ಒಳಗ ಆ ಆವಿ, ಗ್ಯಾಸ್ ಹೋಗೋದೇ ಇಲ್ಲ ಅಂತ. ಹೋಗ್ತದ್ರಿ. ಒಳಗ ಕಾಂಟ್ಯಾಕ್ಟರ್, ಅಂದ್ರ ಕರೆಂಟಿನಿಂದ ನಡಿಯೋ ದೊಡ್ಡ ಸ್ವಿಚ್ಚಿನ ಸ್ಪಾರ್ಕಿಗೆ ಅದು ಅಲ್ಲೇ ಸಿಡೀತದ, ಬಾಕ್ಸು ಆ ಒತ್ತಡ ತಡ್ಕೋತದ, ಮುಚ್ಚಳಕ್ಕೂ ಬಾಡಿಗೂ ನಡು ಇರೋ ಕೂದಲೆಳಿಯಂಥ ಸಂದಿಯಿಂದ ಉರಿ ಹೊರಗ ಬರೋದ್ರಾಗ ತಣ್ಣಗಾಗಿ ಹೋಗ್ತದ, ಹೊರಗಿನ ಗ್ಯಾಸಿಗೆ ಹತ್ತಂಗಿಲ್ಲ. ಎಂಟು ಬೋಲ್ಟಿನಾಗ ಎರಡು ಬಿಟ್ರ ಆ ಸಂದಿ ಬಾಯಿ ಬಿಡ್ತದ, ಮುಗೀತು, ಸರ್ಟಿಫಿಕೇಟ್ ಎಷ್ಟು ದೊಡ್ಡದಿದ್ರೂ ಉಪಯೋಗಿಲ್ಲ. ಆ ಕೂಡೋ ಮುಖಕ್ಕ ಪೇಂಟ್ ಬಳಿಬ್ಯಾಡ್ರಿ, ಎಮ್ರಿ ಪೇಪರ್ ತಿಕ್ಕಬ್ಯಾಡ್ರಿ. ಖಾಲಿ ಉಳಿದ ಕೇಬಲ್ ಹೋಲಿಗೆ ಎಂಸೀಲ್ ಮೆತ್ತೋದು ನಾ ಭಾಳ ಕಡಿ ನೋಡೀನಿ, ಅದಕ್ಕ ಸರ್ಟಿಫೈಡ್ ಸ್ಟಾಪ್ ಪ್ಲಗ್ಗೇ ಬೇಕು, ಕೇಬಲ್ ಒಳಗ ಹೋಗೋ ಕಡಿ ಬಿಗಿ ಹಿಡಿಯೋ ಗ್ಲ್ಯಾಂಡೂ ಎಫ್‌ಎಲ್‌ಪಿದೇ ಆಗಿ ಕೇಬಲ್ ಸೈಜಿಗೆ ಸರಿ ಕೂಡಬೇಕು.

ಇನ್ನ ನೇಮ್‌ಪ್ಲೇಟ್. ಅದರ ಮ್ಯಾಲ ಟಿ3 ಅಂದ್ರ ಬಾಕ್ಸಿನ ಮೈ ಬಿಸಿ 200 ಡಿಗ್ರಿ ದಾಟಂಗಿಲ್ಲ, ಟಿ4 ಅಂದ್ರ 135. ಆದ್ರ ಈ ಲೆಕ್ಕ ಎಲ್ಲಾ ಸುತ್ತಲಿನ ಗಾಳಿ ಎಷ್ಟು ಬಿಸಿ ಅದ ಅನ್ನೋದರ ಮ್ಯಾಲ ನಿಂತದ, ಪ್ಲೇಟ್ ಮ್ಯಾಲ ಟಿಎ ಅಂತ ಬ್ಯಾರೆ ಏನೂ ಬರೀದಿದ್ರ ಅದು 40 ಡಿಗ್ರಿ ತನಕ ಅಷ್ಟೇ. ನಮ್ಮ ಕಲಬುರಗಿ ಬ್ಯಾಸಿಗಿ 42, 43 ಆಗ್ತದ, ತಗಡಿನ ಶೆಡ್ ಒಳಗ ಇನ್ನೂ ಜಾಸ್ತಿ! ಪರ್ಚೇಸ್‌ದವರು ಬರೇ ರೇಟ್ ನೋಡ್ತಾರ, ಟಿಎ 50 ಇಲ್ಲಾ 55 ಇರೋದೇ ಬೇಕಂತ ಇಂಡೆಂಟ್‌ನಾಗ, ಅಂದ್ರ ಸಾಮಾನು ಬೇಕಂತ ಕೊಡೋ ಚೀಟಿನಾಗ, ನೀವೇ ಬರೀರಿ, ಜಗಳ ಆದ್ರೂ ಆಗ್ಲಿ.

ದಾಲ್ ಮಿಲ್ ಮಾಲಕ್ರೇ, ನಿಮಗೂ ಒಂದು ಮಾತು. ತೊಗರಿ ಹೊಟ್ಟಿನ ಸಣ್ಣ ಧೂಳು ಗಾಳ್ಯಾಗ ದಟ್ಟ ಎದ್ದಾಗ ಅದೂ ಸಿಡೀತದ. ಮೋಟರ್ ಮ್ಯಾಲ ಧೂಳು ದಪ್ಪ ಕೂತ್ರ ಬಿಸಿ ಹೊರಗ ಹೋಗಂಗಿಲ್ಲ, ಒಳಗೊಳಗೇ ಕೆಂಡ ಆಗ್ತದ. ಗ್ಯಾಸಿಗೆ ಮಾಡಿದ ಬಾಕ್ಸು ಧೂಳಿಗೆ ತಾನಾಗೇ ಆಗಿ ಬರಂಗಿಲ್ಲ, ಡಸ್ಟ್ ಅಂತ ಬ್ಯಾರೆ ಮಾರ್ಕಿಂಗ್ ಇರ್ತದ, ಧೂಳು ಏಳೋ ಜಾಗಕ್ಕ ಜೋನ್ 21, 22 ಅಂತಾರ, ಅದಕ್ಕ ಆಗೋದನ್ನ ಕೇಳಿ ತರ್ರಿ. ಧೂಳು ತೆಗಿಯೋವಾಗ ಏರ್ ಹೊಡೀಬ್ಯಾಡ್ರಿ, ಮಷಿನ್ ಬಂದ್ ಮಾಡಿ, ಆರಿದ ಮ್ಯಾಲ ಮೆತ್ತಗ ಬಳಿದು ತೆಗೀರಿ.