ಅನ್ನಾ ಮಣಿಯವರ ವಜ್ರಕ್ಕೆ ಕೊನೆಗೂ ನೀಲಿ ಬಂತು

ಬಂತು! ವಿಜ್ಞಾನಿ ಅನ್ನಾ ಮಣಿಯವರ ಮೇಲೆ ಮಕ್ಕಳಿಗಾಗಿ ನಾನು ಮಾಡುತ್ತಿರುವ ಚಿತ್ರಪುಸ್ತಕದ 16–17ನೇ ಪುಟಗಳ ವಜ್ರ ಈ ಸಲದ ಪ್ರೂಫ್‌ನಲ್ಲಿ (ಪರೀಕ್ಷೆಗೆ ತೆಗೆದ ಅಚ್ಚಿನಲ್ಲಿ) ನಿಜಕ್ಕೂ ಬೆಳಗುತ್ತಿದೆ. ಹಿಂದಿನ ಪ್ರೂಫ್‌ಗಳಲ್ಲಿ ಅದು ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣಕ್ಕೆ ತಿರುಗಿ ನನ್ನನ್ನು ಗೋಳು ಹೊಯ್ದುಕೊಂಡಿತ್ತು. ಥಂಬ್‌ನೇಲ್ (ಪುಟ್ಟ ಗೀಚುಚಿತ್ರ), ಡಮ್ಮಿ (ಪುಸ್ತಕದ ಕಚ್ಚಾ ಮಾದರಿ), ಪೆನ್ಸಿಲ್ ಕರಡು ಎಲ್ಲ ಚಿತ್ರಪುಸ್ತಕ ಮಾಡುವ ನಿಮಗೆ ಗೊತ್ತಿರುವುದೇ. ಅವನ್ನು ಬಿಟ್ಟು ನೇರ ನೀಲಿಗೆ ಬರುತ್ತೇನೆ.

ಈ ಪುಟಕ್ಕೆ ಇಷ್ಟು ಹಟ ಯಾಕೆಂದರೆ ಇಡೀ ಪುಸ್ತಕ ನಿಂತಿರುವುದೇ ಅದರ ಮೇಲೆ. 1918ರಲ್ಲಿ ಈಗಿನ ಕೇರಳದ ಪೀರ್‌ಮೇಡಿನಲ್ಲಿ ಹುಟ್ಟಿದ ಹುಡುಗಿ, ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯವರು ಕೊಡಬಂದ ವಜ್ರದ ಓಲೆ ಬೇಡವೆಂದು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಕೇಳಿದಳು. 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಸಿ.ವಿ. ರಾಮನ್ ಅವರ ಪ್ರಯೋಗಾಲಯಕ್ಕೆ ಬಂದು ಮೂವತ್ತಕ್ಕೂ ಹೆಚ್ಚು ವಜ್ರಗಳ ಪ್ರತಿದೀಪ್ತಿಯನ್ನು (ಒಂದು ಬೆಳಕನ್ನು ಹೀರಿ ಬೇರೆ ಬಣ್ಣದಲ್ಲಿ ಬೆಳಗುವ ಗುಣವನ್ನು) ಅಧ್ಯಯನ ಮಾಡಿದ್ದೂ ಅವರೇ. ಕಿವಿಗೆ ಬೇಡವಾದ ವಜ್ರ ಕಣ್ಣಿಗೆ ಬೇಕಾಯಿತು! ಒಂದೊಂದು ಫೋಟೋ ಪ್ಲೇಟಿಗೆ 15–20 ಗಂಟೆಗಳ ಎಕ್ಸ್‌ಪೋಶರ್. ಎಷ್ಟೋ ರಾತ್ರಿಗಳು ಪ್ರಯೋಗಾಲಯದಲ್ಲೇ ಕಳೆದವು. ಹೀಗಾಗಿ ಓಲೆಯ ಪುಟ ಪೂರ್ತಿ ಅರಿಸಿನ, ಕೇಸರಿ. ನಡುಪುಟ ತಿರುವಿದೊಡನೆ ಕತ್ತಲು, ಖಾದಿ ಸೀರೆಯ ಒಬ್ಬಳೇ ಹೆಣ್ಣುಮಗಳು, ಒಂದು ನೀಲಿ ಕಿಡಿ. ಮಡಿಕೆಯ ನಡುವೆ ಪಿನ್ ಹೊಡೆದ 32 ಪುಟಗಳ ಪುಸ್ತಕದಲ್ಲಿ 16–17 ಒಂದೇ ಹಾಳೆಯಾದ್ದರಿಂದ ವಜ್ರ ಎರಡು ಹೋಳಾಗುವ ಭಯವಿಲ್ಲ. ಅದಕ್ಕೇ ಆ ಜಾಗ.

ಇನ್ನು ತಕರಾರು. ನೇರಳಾತೀತ ಬೆಳಕು ಬಿದ್ದಾಗ ವಜ್ರಗಳಲ್ಲಿ ಕೆಲವು ನೀಲಿಯಾಗಿ, ಕೆಲವು ಹಳದಿ-ಹಸಿರಾಗಿ ಬೆಳಗುತ್ತವೆ, ಕೆಲವು ಸುಮ್ಮನಿರುತ್ತವೆ. ನನಗೆ ಬೇಕಿದ್ದದ್ದು ಆ ನೀಲಿ. ಗ್ವಾಶ್‌ನ (ಅಪಾರದರ್ಶಕ ಜಲವರ್ಣದ) ಅಲ್ಟ್ರಾಮರೀನ್ ಎಂಬ ಕಡುನೀಲಿ ಕಾಗದದ ಮೇಲೆ ಕಣ್ಣು ಕುಕ್ಕುವಂತಿತ್ತು. ಆದರೆ ಪುಸ್ತಕ ಅಚ್ಚಾಗುವ ನಾಲ್ಕು ಬಣ್ಣದ ಆಫ್‌ಸೆಟ್ ಮುದ್ರಣದಲ್ಲಿ ಅಲ್ಟ್ರಾಮರೀನ್ ಶಾಯಿ ಇಲ್ಲ. ಸಯನ್ (ಹಸಿರುಛಾಯೆಯ ನೀಲಿ) ಮೇಲೆ ಮೆಜೆಂಟಾ (ನೇರಳೆಗೆಂಪು) ಸುರಿದೇ ನೀಲಿ ಕಟ್ಟಬೇಕು. ಮೆಜೆಂಟಾ ಸ್ವಲ್ಪ ಮೇಲಾದರೂ ನೇರಳೆ. ಜೊತೆಗೆ ಅಲ್ಟ್ರಾಮರೀನ್ ಕಡುಕೆಂಪು ಬೆಳಕನ್ನೂ ಒಂದಿಷ್ಟು ಪ್ರತಿಫಲಿಸುವುದರಿಂದ ಮೂಲಚಿತ್ರದ ಫೋಟೋ ತೆಗೆಯುವ ಕ್ಯಾಮೆರಾ ಅದನ್ನು ಮೊದಲೇ ನೇರಳೆಯ ಕಡೆ ಎಳೆದಿರುತ್ತದೆ.

ಮೊದಲ ಮದ್ದು ಥ್ಯಾಲೊ ನೀಲಿ ಎಂಬ ಬಣ್ಣ. ಸಯನ್ ಶಾಯಿಯೂ ಇದೇ ಕುಲದ ವರ್ಣದ್ರವ್ಯ, ಹಾಗಾಗಿ ಅಚ್ಚಿನಲ್ಲಿ ಹೆಚ್ಚು ಮೋಸವಿಲ್ಲ. ಸಿಎಂವೈಕೆಯಲ್ಲಿ (ಸಯನ್, ಮೆಜೆಂಟಾ, ಹಳದಿ, ಕಪ್ಪು ಶಾಯಿಗಳ ಶೇಕಡಾವಾರು ಲೆಕ್ಕದಲ್ಲಿ) ಸಯನ್ 100 ಇದ್ದರೆ ಮೆಜೆಂಟಾ 60 ದಾಟಬಾರದೆಂದು ಮಿತಿ ಹಾಕಿಕೊಂಡೆ. ಆದರೆ ಶುದ್ಧ ಥ್ಯಾಲೊ ಸಿಗಬೇಕಲ್ಲ! ಆನ್‌ಲೈನ್ ಅಂಗಡಿಯೊಂದು ಕಳಿಸಿದ ಟ್ಯೂಬಿನ ಮೇಲೆ ವರ್ಣದ್ರವ್ಯದ ಸಂಖ್ಯೆಯೇ ಇರಲಿಲ್ಲ. ಹಚ್ಚಿದರೆ ಅರ್ಧಕ್ಕರ್ಧ ಬಿಳಿ ಬೆರೆತ ಆಕಾಶನೀಲಿ. ಅದೇ ಅಂಗಡಿ ನೂರಕ್ಕೆ ನೂರು ಹತ್ತಿ ಎಂದು ಮಾರಿದ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಹಾಳೆಗಳಲ್ಲಿ ಸೈಜಿಂಗ್, ಅಂದರೆ ಬಣ್ಣ ಇಂಗದಂತೆ ತಡೆಯುವ ಅಂಟು, ಸತ್ತುಹೋಗಿತ್ತು. ಬಣ್ಣ ಮುಟ್ಟಿದಲ್ಲೇ ಇಂಗಿ ಮಂಕಾಯಿತು. ಟ್ಯೂಬಿನ ಮೇಲೆ ಥ್ಯಾಲೊದ ಸಂಖ್ಯೆಯಾದ ಪಿಬಿ15 ಅಂತ ಕಾಣದಿದ್ದರೆ ದಯವಿಟ್ಟು ಕೊಳ್ಳಬೇಡಿ.

ನೇರಳೆ ಹೋಯಿತು, ಹೊಳಪು ಮಾತ್ರ ಬರಲಿಲ್ಲ. ಆಗ ನೆನಪಾದವರು ಶೆವ್ರಲ್. ಪ್ಯಾರಿಸ್ಸಿನ ಗೊಬೆಲಿನ್ ಚಿತ್ರನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕರಾಗಿದ್ದ ರಸಾಯನಶಾಸ್ತ್ರಜ್ಞ. ನೀಲಿ, ನೇರಳೆ ಬಟ್ಟೆಗಳ ನೆರಳಿಗೆ ಬಳಸಿದ ಕಪ್ಪು ಸೊರಗಿದಂತೆ ಕಾಣುತ್ತದೆ ಎಂಬ ದೂರು ಅವರ ಬಳಿ ಬಂದಿತ್ತು. ದೋಷ ಕಪ್ಪು ಬಣ್ಣದ್ದಲ್ಲ, ಅದರ ನೆರೆಹೊರೆಯದು ಎಂದು ಅವರು ತೋರಿಸಿಕೊಟ್ಟರು. 1839ರಲ್ಲಿ ಅದನ್ನೇ ಪುಸ್ತಕವಾಗಿಸಿದರು. ನನ್ನ ಪುಟದ ಕತ್ತಲೂ ಪೇನ್ಸ್ ಗ್ರೇ ಎಂಬ ಕಡುಬೂದಿ, ಅಂದರೆ ಅದೂ ನೀಲಿಯ ನೆಂಟನೇ. ನೀಲಿ ಕತ್ತಲೊಳಗೆ ನೀಲಿ ಕಿಡಿ ಹೇಗೆ ಕಂಡೀತು? ಕತ್ತಲನ್ನು ಬರ್ನ್ಟ್ ಅಂಬರ್ ಎಂಬ ಕಂದುಬಣ್ಣಕ್ಕೆ ತುಸುವೇ ಪ್ರಷ್ಯನ್ ನೀಲಿ ಬೆರೆಸಿ ಮತ್ತೆ ಕಟ್ಟಿದೆ. ಬೆಚ್ಚನೆಯ ಕಂದುಗಪ್ಪು. ಅನ್ನಾ ಮಣಿಯವರ ಬೆರಳ ತುದಿಗೆ, ಖಾದಿಯ ಅಂಚಿಗೆ ಮಾತ್ರ ತೆಳು ಥ್ಯಾಲೊ ವಾಶ್. ವಜ್ರದ ಸುತ್ತ ಕಿರಿದಾದ ನೀಲಿ ಬಳೆ, ನಡುವೆ ಏನೂ ಇಲ್ಲ, ಖಾಲಿ ಕಾಗದ. ಆಫ್‌ಸೆಟ್‌ನಲ್ಲಿ ಬಿಳಿ ಶಾಯಿ ಇರುವುದಿಲ್ಲವಲ್ಲ, ನಾವು ಎಷ್ಟೇ ಬಿಳಿ ಗ್ವಾಶ್ ಮೆತ್ತಿದರೂ ಅಚ್ಚಿನಲ್ಲಿ ಉಳಿಯುವುದು ಕಾಗದದ ಬಿಳುಪೇ.

ಹಾಗಾದರೆ ಕಾಗದವೇ ಮುಖ್ಯ ಅಂತಾಯಿತು. ನ್ಯಾಚುರಲ್ ಶೇಡ್ ಮ್ಯಾಪ್‌ಲಿಥೋ ಎಂಬ ಮಾಸಲು ಬಿಳಿ ಕಾಗದದಲ್ಲಿ ವಜ್ರದ ನಡು ಕೆನೆಬಣ್ಣಕ್ಕೆ ಇಳಿದು ಪುಟ ಮಲಗಿಬಿಟ್ಟಿತು. ಹೆಚ್ಚು ಬಿಳುಪಿನ 130 ಜಿಎಸ್‌ಎಂ ಮ್ಯಾಟ್ ಆರ್ಟ್ ಪೇಪರ್‌ನಲ್ಲಿ (ಮಿರುಗದ ನುಣುಪು ಕಾಗದದಲ್ಲಿ) ಎದ್ದು ಕೂತಿತು. ಯಾಕಿಷ್ಟು ವ್ಯತ್ಯಾಸ ಎಂದು ಎರಡನ್ನೂ ಕತ್ತಲಲ್ಲಿಟ್ಟು, ನಕಲಿ ನೋಟು ಹಿಡಿಯುವ ಯುವಿ (ನೇರಳಾತೀತ) ಟಾರ್ಚ್ ಹಾಕಿದೆ. ಮ್ಯಾಪ್‌ಲಿಥೋ ಸುಮ್ಮನಿತ್ತು. ಆರ್ಟ್ ಪೇಪರ್ ನೀಲಿಯಾಗಿ ಉರಿಯಿತು!

ಕಾಗದವನ್ನು ಬೆಳ್ಳಗೆ ತೋರಿಸಲು ಬೆರೆಸುವ ಆಪ್ಟಿಕಲ್ ಬ್ರೈಟ್ನರ್ ನೇರಳಾತೀತ ಬೆಳಕನ್ನು ಹೀರಿ ನೀಲಿ ಬೆಳಕನ್ನು ಹೊರಹಾಕುತ್ತದೆ. ಅದು ಪ್ರತಿದೀಪ್ತಿ. ಅನ್ನಾ ಮಣಿ ರಾತ್ರಿಯೆಲ್ಲ ಕಾದು ಪ್ಲೇಟಿನ ಮೇಲೆ ಹಿಡಿಯುತ್ತಿದ್ದದ್ದು ಇದನ್ನೇ! ನನ್ನ ಮೂಲಚಿತ್ರದ ಹತ್ತಿ ಕಾಗದದಲ್ಲಿ ಬ್ರೈಟ್ನರ್ ಇಲ್ಲ, ಟಾರ್ಚ್ ಹಾಕಿದರೆ ಅದು ಕಪ್ಪಗೇ ಉಳಿಯುತ್ತದೆ. ಅಚ್ಚಾದ ಪುಟದಲ್ಲಿ ಮಾತ್ರ, ಶಾಯಿ ಬೀಳದ ಆ ಪುಟ್ಟ ಜಾಗದಲ್ಲಿ, ವಜ್ರ ನಿಜವಾಗಿಯೂ ಪ್ರತಿದೀಪಿಸುತ್ತದೆ. ಚಿತ್ರಪುಸ್ತಕದಲ್ಲಿ ಮೂಲಚಿತ್ರಕ್ಕಿಂತ ಅಚ್ಚೇ ಸತ್ಯಕ್ಕೆ ಹತ್ತಿರವಾದದ್ದನ್ನು ನಾನು ಇದೇ ಮೊದಲು ಕಂಡದ್ದು. ಎರಡು ದಿನ ಮನೆಗೆ ಬಂದವರಿಗೆಲ್ಲ ಟಾರ್ಚ್ ತೋರಿಸಿದ್ದೇನೆ.

ಈ ಉಮೇದಿನಲ್ಲೇ ಮುಂದಿನ ಪುಸ್ತಕವೂ ತಲೆಯಲ್ಲಿ ಕೂತಿದೆ: ಸಾಲುಮರದ ತಿಮ್ಮಕ್ಕ. ಹುಲಿಕಲ್–ಕುದೂರು ರಸ್ತೆಯ 385 ಆಲದ ಮರಗಳು. ಅಲ್ಲಿ ತೊಂದರೆ ಹಸಿರಿನದು. ಸಯನ್-ಹಳದಿ ಸೇರಿದರೆ ಎಲ್ಲ ಮರವೂ ಒಂದೇ ಪ್ಲಾಸ್ಟಿಕ್ ಹಸಿರು. ಆಲದ ಚಿಗುರಿಗೆ ಕೆಂಪಿದೆ, ಬಿಳಲಿಗೆ ಬೂದಿಯಿದೆ. ಹಸಿರನ್ನು ಕಡಿಮೆ ಮಾಡಿ ನೆರಳನ್ನೇ ನಾಯಕಿಯಾಗಿಸುವ ಆಸೆ. ಒಂದು ಉದ್ದ ಮಡಿಕೆ ಪುಟವೂ ಬೇಕು, ರಸ್ತೆ ಮುಗಿಯದಂತೆ. ಅದರ ಡಮ್ಮಿ ಶುರುಮಾಡಿಬಿಟ್ಟೆ.

ಅನ್ನಾ ಮಣಿ ಪುಸ್ತಕದಲ್ಲಿ ಇನ್ನೂ ಉಳಿದಿರುವುದು ಡಾಕ್ಟರೇಟ್ ಪುಟ. ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಅವರಿಗೆ ಪಿಎಚ್.ಡಿ. ಸಿಗಲಿಲ್ಲ. ಸಂಶೋಧನೆ ಮಾತ್ರ ಪೂರ್ತಿಯಾಗಿತ್ತು. ಅದನ್ನು ಅಳುಮುಖದಲ್ಲಿ ಬರೆಯಲು ನನಗೆ ಮನಸ್ಸಿಲ್ಲ. 1945ರಲ್ಲಿ ಅವರು ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೊರಟ ಹಡಗಿನ ಜೊತೆಗೇ ಅದು ಬರುತ್ತದೆ. ಮುಂದೆ ಹವಾಮಾನ ಉಪಕರಣಗಳು, ಓಝೋನ್ ಮಾಪನ.

ಒಳರಕ್ಷಾಪುಟದಲ್ಲಿ (ಹೊದಿಕೆಯ ಒಳಬದಿಯಲ್ಲಿ) ಮಕ್ಕಳಿಗೊಂದು ಪ್ರಯೋಗ ಬರೆದಿದ್ದೇನೆ: 16ನೇ ಪುಟವನ್ನು ಮೊದಲು ಎಲ್‌ಇಡಿ ದೀಪದಡಿ, ಆಮೇಲೆ ಬಿಸಿಲಲ್ಲಿ ನೋಡಿ. ಸಾಮಾನ್ಯ ಎಲ್‌ಇಡಿಯಲ್ಲಿ ನೇರಳಾತೀತ ಹೆಚ್ಚುಕಡಿಮೆ ಇರುವುದೇ ಇಲ್ಲ, ಬಿಸಿಲಿನಲ್ಲಿ ಧಾರಾಳ. ಹಾಗಾಗಿ ಆ ಪುಟಕ್ಕೆ ಯುವಿ ತಡೆಯುವ ಯಾವ ಲೇಪನವೂ ಬೇಡವೆಂದು ಮುದ್ರಕರಿಗೆ ಹೇಳಿದ್ದೇನೆ. ಲೇಪನವಿಲ್ಲದ ಮ್ಯಾಟ್ ಪುಟದಲ್ಲಿ ಕಂದುಗಪ್ಪು ಮಕ್ಕಳ ಕೈಗೆ ಅಂಟದ ಹಾಗೆ ಒಟ್ಟು ಶಾಯಿಯನ್ನು (ನಾಲ್ಕೂ ಶಾಯಿಗಳ ಶೇಕಡಾವಾರು ಮೊತ್ತವನ್ನು) ನೀವು ಎಷ್ಟಕ್ಕೆ ನಿಲ್ಲಿಸುತ್ತೀರಿ? ಮಾಡಿ ನೋಡಿದವರು ಹೇಳಿ, ಮುಂದಿನ ಪ್ರೂಫ್‌ಗೆ ಮುಂಚೆ ಬೇಕು.