ಸೂಚಿಯಲ್ಲಿ ಸಿಗದ ಗುರುತು

ಎಚ್.ಇ.ಜಿ., ಅಂದರೆ ಇತಿಹಾಸ, ಅರ್ಥಶಾಸ್ತ್ರ, ಭೂಗೋಳ ಓದುವವನೆಂದರೆ ವಿಜ್ಞಾನಕ್ಕೆ ಅಂಕ ಸಾಲದೆ, ವಾಣಿಜ್ಯಕ್ಕೆ ಮನಸ್ಸಿಲ್ಲದೆ ಬಂದವನು ಎಂಬ ಮಾತು ನಮ್ಮ ಕಾಲದಲ್ಲಿ ಹಿರಿಯೂರಿನ ಬಸ್ ನಿಲ್ದಾಣದ ತನಕ ಹಬ್ಬಿತ್ತು. ಅದರಲ್ಲೂ ಭೂಗೋಳಕ್ಕೆ ಮರ್ಯಾದೆ ಕಡಿಮೆ. ದೇಶ, ರಾಜಧಾನಿ, ನದಿ, ಬೆಳೆ ಇಷ್ಟನ್ನು ಉರುಹೊಡೆದರೆ ಪಾಸು ಎಂದುಕೊಂಡೇ ನಾವೂ ಕುಳಿತಿದ್ದೆವು. ಮೇಷ್ಟ್ರು ಹಾಜರಿ ಪುಸ್ತಕ ಮುಚ್ಚಿ ಕೇಳಿದ ಮೊದಲ ಪ್ರಶ್ನೆ: “ನಿಮ್ಮೂರು ಅಲ್ಲೇ ಏಕಿದೆ?”

“ನಮ್ಮಜ್ಜನ ಕಾಲದಿಂದಲೂ ಅಲ್ಲೇ ಇದೆ ಸಾರ್” ಎಂದ ಹಿಂದಿನ ಬೆಂಚಿನವನು. ಮೇಷ್ಟ್ರು ನಗಲಿಲ್ಲ. “ಅಜ್ಜ ಅರ್ಧ ಮೈಲಿ ಆಚೆ ಮನೆ ಕಟ್ಟಬಹುದಿತ್ತಲ್ಲ?” ಎಂದರು. ನೆಲೆ, ಸನ್ನಿವೇಶ ಎಂಬ ಎರಡು ಪಾರಿಭಾಷಿಕ ಪದಗಳನ್ನು ಅವರು ಬೋರ್ಡಿನ ಮೇಲೆ ಬರೆದದ್ದು ಅದಾದ ಮೇಲೆ. ಊರು ಕೂತ ಜಾಗದ ನೀರು, ಮಣ್ಣು, ಎತ್ತರ ಇವು ನೆಲೆ. ಸುತ್ತಲಿನ ದಾರಿ, ಸಂತೆ, ಪೇಟೆಗಳೊಡನೆ ಆ ಊರಿಗಿರುವ ನಂಟು ಸನ್ನಿವೇಶ. ಹಿರಿಯೂರಿಗೆ ವೇದಾವತಿಯ ದಂಡೆ ನೆಲೆಯಾದರೆ, ಬೆಂಗಳೂರು–ಪುಣೆ ಹೆದ್ದಾರಿಯೂ ಬಳ್ಳಾರಿ ರಸ್ತೆಯೂ ಕೂಡುವುದು ಸನ್ನಿವೇಶ.

ವಿಭಾಗದ ಬೀರುವಿನಲ್ಲಿ ಭಾರತೀಯ ಸರ್ವೇಕ್ಷಣಾ ಇಲಾಖೆಯ ಕೆಲವೇ ಟೋಪೋಶೀಟುಗಳಿದ್ದವು; ನೆಲದ ಏರಿಳಿತ, ಊರು, ನೀರು, ದಾರಿ ಎಲ್ಲವನ್ನೂ ತೋರಿಸುವ ನಕ್ಷೆಯ ಹಾಳೆಗಳು. ಬೀಗದ ಕೈ ಮೇಷ್ಟ್ರ ಜೇಬಿನಲ್ಲೇ ಇರುತ್ತಿತ್ತು. ಒಂದು ದಿನ ಎರಡು ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಹಾಸಿದರು: ನಮ್ಮ ಸೀಮೆಯ 57 ಸಿ ಗುಂಪಿನದೊಂದು, ತೀರ್ಥಹಳ್ಳಿ ಕಡೆಯ 48 ಒ ಗುಂಪಿನದೊಂದು. ಎರಡರದೂ ಪ್ರಮಾಣ 1:50,000. ಹಾಳೆಯ ಮೇಲಿನ 2 ಸೆಂಟಿಮೀಟರ್ ನೆಲದ ಮೇಲೆ 1 ಕಿಲೋಮೀಟರ್. ಮನೆಗಳಿಗೆ ಎರಡರಲ್ಲೂ ಕೆಂಪು ಬಣ್ಣವೇ. ಆದರೆ ನಮ್ಮ ಹಾಳೆಯಲ್ಲಿ ಕೆಂಪು ಒಂದೊಂದು ಕಡೆ ಒತ್ತಾಗಿ ಕೂತಿತ್ತು, ಪಕ್ಕದಲ್ಲಿ ಕೆರೆ, ಕೆರೆಯ ಏರಿಗೆ ಅಂಟಿಕೊಂಡು ‘4ಆರ್’ ಎಂಬ ಪುಟ್ಟ ಬರಹ. ಏರಿಯ ಎತ್ತರ ಬುಡದಿಂದ 4 ಮೀಟರ್ ಎಂದು ಅದರ ಅರ್ಥ. ಮಲೆನಾಡಿನ ಹಾಳೆಯಲ್ಲಿ ಕೆಂಪು ಚುಕ್ಕೆಗಳು ಕಣಿವೆಯುದ್ದಕ್ಕೂ ಚೆಲ್ಲಿಹೋಗಿದ್ದವು. ಊರು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆಂದೇ ತಿಳಿಯದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ. ಅಲ್ಲಿ ಮನೆಮನೆಗೂ ನೀರುಂಟು, ತೋಟ ಎಲ್ಲಿದೆಯೋ ಅಲ್ಲೇ ಮನೆ. 600 ಮಿಲಿಮೀಟರೂ ಬೀಳದ ನಮ್ಮಲ್ಲಿ ಒಂದು ಕೆರೆ, ಒಂದು ಸೇದುವ ಬಾವಿಯ ಸುತ್ತ ಎಲ್ಲರೂ ಸೇರಲೇಬೇಕು. ಜೊತೆಗೆ ಪಾಳೆಯಗಾರರ ಕಾಲದ ದಂಡಿನ ಭಯ. ಊರ ನಡುವಿನ ಹುಡೇವು, ಅಂದರೆ ಕಾವಲಿನ ಬುರುಜು, ಏಕಿದೆ ಎಂದು ನನಗೆ ಹೊಳೆದದ್ದು ಆ ಮೇಜಿನ ಮುಂದೆ.

ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತಿ ರೇಖೆ ಮಾತ್ರ ಯಾರಿಗೂ ತಲೆಗೆ ಹತ್ತಲಿಲ್ಲ. ಮೇಷ್ಟ್ರು ಬಸ್ಸು ಹತ್ತಿಸಿ ಮಾರಿಕಣಿವೆಗೆ ಕರೆದುಕೊಂಡು ಹೋದರು. 1907ರಲ್ಲಿ ಮುಗಿದ ಆ ಅಣೆಕಟ್ಟೆಯ ಪೂರ್ಣಮಟ್ಟ 130 ಅಡಿ. ನಾವು ಹೋದಾಗ ನೀರು ಬಹಳ ಕೆಳಗಿತ್ತು. ನೀರು ಇಳಿಯುತ್ತಾ ನಿಂತು ನಿಂತು ಹೋದ ಕಡೆಯಲ್ಲೆಲ್ಲ ದಡದ ಮೇಲೆ ಒಂದರ ಕೆಳಗೊಂದು ಗೆರೆ ಬಿದ್ದಿತ್ತು. “ಒಂದೇ ಗೆರೆ ಹಿಡಿದು ನಡೆಯಿರಿ, ಹತ್ತಬೇಡಿ, ಇಳಿಯಬೇಡಿ” ಎಂದರು. ಗುಡ್ಡ ಕಡಿದಾಗಿದ್ದಲ್ಲಿ ಗೆರೆಗಳು ಒತ್ತೊತ್ತಾಗಿದ್ದವು, ಬಯಲಿದ್ದಲ್ಲಿ ದೂರದೂರ. ಹಳ್ಳ ಬಂದಾಗ ಗೆರೆ ಒಳಕ್ಕೆ ಬಾಗಿ ನಮ್ಮನ್ನೂ ಒಳಕ್ಕೆ ಎಳೆದೊಯ್ಯಿತು. ಮುಂದೆ ಪರೀಕ್ಷೆಯಲ್ಲಿ ಅದನ್ನು ತಪ್ಪಾಗಿ ಬರೆದವರು ಯಾರೂ ಇಲ್ಲ. 1933ರಲ್ಲಿ ಕೋಡಿ ಬಿದ್ದಿದ್ದ ಆ ಜಲಾಶಯ ಮತ್ತೆ ತುಂಬಿ ಹರಿದದ್ದು 2022ರಲ್ಲಿ. ಆಗ ಊರೂರಿನಿಂದ ಜನ ಟ್ರ್ಯಾಕ್ಟರ್ ಕಟ್ಟಿಕೊಂಡು ಹೋದರು. ನಾನು ಆ ಗೆರೆಗಳೆಲ್ಲ ಮುಳುಗಿದ್ದನ್ನು ನೋಡಲು ಹೋದೆ.

ಅದೇ ಕಟ್ಟೆಯ ಮೇಲೆ ಕೂರಿಸಿ ಮೇಷ್ಟ್ರು ಭೂಗೋಳಜ್ಞರಾದ ರಾಟ್ಜೆಲ್ ಮತ್ತು ವಿಡಾಲ್ ಡಿ ಲಾ ಬ್ಲಾಶ್ ಅವರ ಪಾಠ ಮಾಡಿದರು. ಮನುಷ್ಯನ ಬದುಕನ್ನು ಪ್ರಕೃತಿ ತಿದ್ದುತ್ತದೆ ಎಂಬ ಜರ್ಮನ್ ವಾದ ಒಂದೆಡೆ, ಪ್ರಕೃತಿ ಅವಕಾಶಗಳನ್ನಷ್ಟೇ ಕೊಡುತ್ತದೆ, ಆರಿಸಿಕೊಳ್ಳುವವನು ಮನುಷ್ಯ ಎಂಬ ಫ್ರೆಂಚ್ ವಾದ ಇನ್ನೊಂದೆಡೆ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆ ಅಲ್ಲೇ ಇತ್ತು. ಅದಕ್ಕೆ ಅಡ್ಡಗೋಡೆ ಕಟ್ಟಿದ್ದು ಮೈಸೂರು ಸರ್ಕಾರ. ಯಾರು ಗೆದ್ದರು ಎಂದು ಅವರು ಹೇಳಲಿಲ್ಲ. ನನ್ನ ಮತ ಈಗಲೂ ಫ್ರೆಂಚರ ಕಡೆಗೆ, ಬರಗಾಲದ ವರ್ಷಗಳನ್ನು ಬಿಟ್ಟು.

ಜನಗಣತಿಯ ಅಂಕಿಗಳನ್ನೂ ಅವರು ಹೀಗೆಯೇ ಬಿಡಿಸುತ್ತಿದ್ದರು. ಆ ಅಭ್ಯಾಸ ಉಳಿದಿದೆ. 2011ರಲ್ಲಿ ರಾಜ್ಯದಲ್ಲಿ ಸಾವಿರ ಗಂಡಸರಿಗೆ 973 ಹೆಂಗಸರಿದ್ದರೆ ಉಡುಪಿಯಲ್ಲಿ 1,094. ಅದನ್ನು ನೋಡಿದ ಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ಅಲ್ಲಿನ ಗಂಡಸರು ದುಡಿಯಲು ಹೋದ ಮುಂಬೈಯ ಹೋಟೆಲುಗಳು.

ಎಲ್ಲಕ್ಕಿಂತ ಗಟ್ಟಿಯಾಗಿ ನೆನಪಿರುವುದು ಅವರು ಟೋಪೋಶೀಟಿನ ಸೂಚಿಯನ್ನು, ಅಂದರೆ ಚಿಹ್ನೆಗಳ ಅರ್ಥ ಹೇಳುವ ಪಟ್ಟಿಯನ್ನು, ಓದಿಸಿದ ದಿನ. ದೇವಸ್ಥಾನ, ಮಸೀದಿ, ಬಾವಿ, ಅಂಚೆ ಕಚೇರಿ, ಗಡಿಕಲ್ಲು ಎಲ್ಲಕ್ಕೂ ಚಿಹ್ನೆಗಳಿದ್ದವು. ಊರಿನ ಕೆಂಪು ಗುಂಪಿನಿಂದ ಒಂದಷ್ಟು ದೂರದಲ್ಲಿ ಬಿಡಿಯಾಗಿದ್ದ ನಾಲ್ಕಾರು ಕೆಂಪು ಚೌಕಗಳನ್ನು ತೋರಿಸಿ, “ಇವರು ಏಕೆ ದೂರ?” ಎಂದರು. ಯಾರೂ ಬಾಯಿ ಬಿಡಲಿಲ್ಲ. ಆ ಚೌಕಗಳಂಥ ಮನೆಗಳಿಂದ ಬಂದವರೂ ತರಗತಿಯಲ್ಲಿದ್ದರು. “ಜಾತಿಗೆ ಸೂಚಿಯಲ್ಲಿ ಚಿಹ್ನೆಯಿಲ್ಲ. ನಕ್ಷೆ ಎಲ್ಲಿ ಎಂದಷ್ಟೇ ಹೇಳುತ್ತದೆ, ಯಾರು ಮತ್ತು ಏಕೆ ಎನ್ನುವುದನ್ನು ನೀವು ಓದಬೇಕು” ಎಂದು ಹಾಳೆಯನ್ನು ಸುರುಳಿ ಸುತ್ತಿದರು.

ನಾನು ಕಂದಾಯ ಇಲಾಖೆಗೆ ಸೇರಿ ಗ್ರಾಮ ಲೆಕ್ಕಿಗನಾದ ಮೇಲೆ ಆ ಪಾಠ ದಿನಗೆಲಸವಾಯಿತು. ನಮ್ಮ ದಾಖಲೆಗಳಲ್ಲಿ ಜನರಿಲ್ಲದ ಊರುಗಳಿವೆ. ಬೇಚರಾಕ್ ಗ್ರಾಮಗಳೆನ್ನುತ್ತೇವೆ; ಹೆಸರುಂಟು, ಸರ್ವೆ ನಂಬರುಂಟು, ಹೋಗಿ ನೋಡಿದರೆ ಜಾಲಿಯ ನಡುವೆ ಒಂದು ಹನುಮಂತರಾಯನ ಗುಡಿ. ಇನ್ನೊಂದೆಡೆ ತಲೆಮಾರುಗಳಿಂದ ಜನರಿರುವ ಗೊಲ್ಲರಹಟ್ಟಿಗಳು, ತಾಂಡಾಗಳು. ದಾಖಲೆಯಲ್ಲಿ ಅವು ಯಾರದೋ ಹೆಸರಿನ ಜಮೀನು. 2017ರ ನಂತರ ಅಂಥ ಜನವಸತಿಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡುವ ಕೆಲಸಕ್ಕೆ ವೇಗ ಬಂದಾಗ, ಭೂಮಾಪಕರ ಜೊತೆ ಹಟ್ಟಿಯಿಂದ ಹಟ್ಟಿಗೆ ಅಲೆದೆ. ಒಂದು ಕಡೆ ಅಜ್ಜಿಯೊಬ್ಬರು ನಮ್ಮ ಕೈಯ ಗ್ರಾಮ ನಕಾಶೆಯನ್ನು ಇಣುಕಿ ನೋಡಿ, “ಇದರಲ್ಲಿ ನಮ್ಮ ಮನೆ ಎಲ್ಲಪ್ಪ?” ಎಂದರು. “ಬರೆಯುವುದಕ್ಕೇ ಬಂದಿದ್ದೇವೆ ಅವ್ವ” ಎಂದೆ. ಬರೆಯುವ ತನಕ ಅವರು ಅಲ್ಲಿಂದ ಕದಲಲಿಲ್ಲ.

ಈಗಿನ ವಿದ್ಯಾರ್ಥಿಗಳಿಗೆ ಬೀರುವಿನ ಬೀಗದ ಕೈ ಬೇಕಿಲ್ಲ. ಸರ್ವೇಕ್ಷಣಾ ಇಲಾಖೆ 2017ರಲ್ಲಿ ಟೋಪೋಶೀಟುಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ. ಮೊಬೈಲಿನ ನಕ್ಷೆ ದಾರಿ ತೋರಿಸುತ್ತದೆ, ಕೆರೆಯ ಏರಿ ಎಷ್ಟೆತ್ತರ ಎಂದು ಹೇಳುವುದಿಲ್ಲ. ನಿಮ್ಮೂರಿನ ಹಾಳೆಯನ್ನು ಇಳಿಸಿಕೊಂಡು ನಿಮ್ಮ ಹಟ್ಟಿಯನ್ನು ಹುಡುಕಿ. ಗ್ರಾಮ ನಕಾಶೆಯಲ್ಲೂ ಅದು ಸಿಗದಿದ್ದರೆ ನಾಡಕಚೇರಿಗೆ ಬನ್ನಿ. ಮಂಗಳವಾರ ಸಂತೆಯ ದಿನ, ಅಂದು ಮಾತ್ರ ಬೇಡ.